ಲೋಡರ್‌ನ ಸೊಂಟ

ಜೀನ್ಸ್ ಹೊಲಿಯುವ ಯೂನಿಟ್ಟಿನ ಕೆಲಸ ನಾನು ಬಿಟ್ಟ ಮರುವರ್ಷದ ಶ್ರಾವಣ, ಎರಡನೇ ಶನಿವಾರ, ಬೆಳಿಗ್ಗೆ ಆರೂ ನಲವತ್ತು. ರಾಯದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ನಾನು, ನನ್ನ ಹೆಂಡತಿ ಮತ್ತು ರೊಳ್ಳದಿಂದ ಬಂದಿದ್ದ ಬೀಗರು, ಅಂದರೆ ಸೊಸೆಯ ತಂದೆ. ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಹೋಗಿದ್ದರು. ಸಂಜೆ ಐದಕ್ಕೆ ವಾಪಸ್ಸು.

ಶನಿವಾರ ಕಪಾಟಿನ ಧೂಳು ಒರೆಸುವ ದಿನ. ಮೊಮ್ಮಗಳು ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ್ದ ಲೋಡರ್, ಅಂದರೆ ಮಣ್ಣು ಎತ್ತುವ ಗಾಡಿ, ಕಪಾಟಿನ ಮೇಲಿತ್ತು; ಪಕ್ಕದಲ್ಲೇ ಮಣ್ಣು ಸಾಗಿಸುವ ಡಂಪರ್. ಲೋಡರಿನ ಹಿಂಭಾಗ ಹಿಡಿದು ಎತ್ತಿದೆ. ಹಿಂಭಾಗ ಮಾತ್ರ ಬಂತು. ಬಕೆಟ್ಟಿನ ಸಮೇತ ಮುಂಭಾಗ ಬಿದ್ದು ಮಂಚದಡಿ ಸೇರಿತು. ಈ ಗಾಡಿ ತಿರುಗುವುದು ಗಾಲಿಯಿಂದಲ್ಲ, ನಡು ಬಳುಕಿಸಿ. ಆ ನಡುವೇ ಕಳಚಿತ್ತು.

ಹಿಂದಿನ ವಾರ ನನ್ನ ಅಳತೆ ಟೇಪು ಮುಟ್ಟಿದ್ದಕ್ಕೆ, 'ಇನ್ನೊಬ್ಬರ ಸಾಮಾನು ಕೇಳದೆ ಮುಟ್ಟಬಾರದು' ಎಂದು ಆ ಹುಡುಗಿಯಿಂದ ಇಪ್ಪತ್ತು ಸಲ ಬರೆಸಿದ್ದೆ. ಐದರೊಳಗೆ ಲೋಡರ್ ಸರಿಯಾಗದಿದ್ದರೆ ನನ್ನ ಮರ್ಯಾದೆ ಹೋದಂತೆಯೇ.

"ಬೀಗ್ರೇ, ಇಪ್ಪತ್ತು ಸಲ ಬರಿಯಾಕೆ ಪೆನ್ನೈತಾ, ನಾನು ಕೊಡ್ಲಾ?" ಎಂದರು ಆ ಕಥೆ ಕೇಳಿದ್ದ ಬೀಗರು.

ಎಳೆತ ಬೀಳುವ ಕಡೆ ಒತ್ತು ಹೊಲಿಗೆ ಹಾಕು ಎಂಬುದು ಜೀನ್ಸ್‌ನವರ ಧರ್ಮ. ನಾನು ನಡುವಿನ ನಾಲ್ಕೂ ಕಡೆ ಇಟ್ಟಿಗೆ ಡಬ್ಬಿಯ ತೂತಿನ ಪಟ್ಟಿ ಒತ್ತಿ, ಮೇಲೆ ಜೀನ್ಸ್ ದಾರ ಹನ್ನೆರಡು ಸುತ್ತು ಬಿಗಿದೆ. ಎಂಟೂವರೆಗೆ ಮುಗಿಯಿತು. ಎಳೆದರೂ ಬಿಚ್ಚಲಿಲ್ಲ. ತಿರುಗಿಸಿದರೆ ತಿರುಗಲೂ ಇಲ್ಲ.

ಬೀಗರು ಬೆಂಗಳೂರಿಗೆ ದುಡಿಯಲು ಹೋಗಿ ಹತ್ತು ವರ್ಷ ನಿಜವಾದ ಲೋಡರ್ ಓಡಿಸಿದವರು. "ಸೊಂಟ ಹಿಡ್ಕಂಡೈತೆ. ಥೇಟ್ ನಿಮ್ ತರಾನೇ. ನೆಟ್ಟಗೆ ಹೋಗ್ತೈತೆ, ಯಾರೇಳಿದ್ರೂ ತಿರುಗಾಕಿಲ್ಲ" ಎಂದು ದಾರ ಬಿಚ್ಚಿ, ಒಂದೇ ಪಟ್ಟಿ ಉಳಿಸಿ, ಅದಕ್ಕೆ ಡಬ್ಬಿಯ ಒಂದೇ ಪ್ಲಾಸ್ಟಿಕ್ ಪಿನ್ನು ಚುಚ್ಚಿದರು. ಚೆನ್ನಾಗಿಯೇ ತಿರುಗಿತು. ಬಕೆಟ್ಟಿಗೆ ಆರು ಕಡಲೆಕಾಯಿ ಹಾಕಿದ ಕೂಡಲೇ ನಡು ಕುಸಿದು ಮೂಗು ನೆಲಕ್ಕೆ ತಾಗಿತು.

"ನಿಮ್ಮದು ಉಂಡ ಕೂಡ್ಲೇ ತೂಕಡಸಾಕತ್ತೈತಿ ನೋಡ್ರಿ" ಎಂದೆ. ಮಾತಿನ ಬಾಕಿ ಇಡುವುದು ನನಗೆ ಆಗದು.

ಹೀಗೆ ನಾನು ಬಿಗಿಯುವುದು, ಅವರು ಸಡಿಲಿಸುವುದು ಮಧ್ಯಾಹ್ನದವರೆಗೂ ನಡೆಯಿತು. ಹೆಂಡತಿ ಮುದ್ದೆ ಕೋಲು ಹಿಡಿದೇ ಅಡುಗೆಮನೆಯಿಂದ ಹೊರಬಂದಳು. ಅದೇ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಸೊಂಟಪಟ್ಟಿ ಹಚ್ಚಿದವಳು.

"ಇಬ್ರೂ ಅತ್ತಾಗ ಸರೀರಿ. ಸೊಂಟಪಟ್ಟಿ ಹ್ಯಾಂಗ ಹಚ್ತಾರ? ಹೊರಗೊಂದು ಪದರ, ಒಳಗೊಂದು ಪದರ, ನಡುವ ಪ್ಯಾಂಟು. ಇದಕ್ಕೂ ಹಂಗ ಮಾಡ್ರಿ."

ಹಿಂಭಾಗಕ್ಕೆ ತೂತಿನ ಪಟ್ಟಿ ಮೇಲೊಂದು, ಕೆಳಗೊಂದು ಕೂರಿಸಿದಳು. ಮುಂಭಾಗದ ಪಟ್ಟಿಯನ್ನು ಅವುಗಳ ನಡುವೆ ತೂರಿಸಿ, ಮೂರಕ್ಕೂ ಸೇರಿಸಿ ಒಂದೇ ಪಿನ್ನು ಇಳಿಸಿದಳು. ಮೇಲೂ ಕೆಳಗೂ ಹಿಡಿತ ಇದ್ದುದರಿಂದ ಕುಸಿಯಲಿಲ್ಲ. ಅಕ್ಕಪಕ್ಕ ಬಿಡುವು ಇದ್ದುದರಿಂದ ತಿರುಗಿತು. ಹನ್ನೆರಡು ಕಡಲೆಕಾಯಿ ಹೊತ್ತು ಕುರ್ಚಿಯ ಕಾಲು ಸುತ್ತಿತು. ಬೀಗರು ಆ ಹನ್ನೆರಡನ್ನೂ ತಿಂದರು.

ಐದೂ ಹತ್ತಕ್ಕೆ ಮೊಮ್ಮಗಳು ಬಂದು ಲೋಡರ್ ಕೈಗೆತ್ತಿಕೊಂಡಳು. "ಅಜ್ಜಾ, ಇದನ್ನ ಯಾರು ಮುಟ್ಯಾರ?"

ಬೀಗರು ಸೂರು ನೋಡಿದರು.

"ನಾನವ್ವಾ."

"ಕೇಳಿದ್ಯೇನು?"

"ಇಲ್ಲವ್ವಾ."

ಅವಳು ಲೋಡರನ್ನು ಎಡಕ್ಕೆ, ಬಲಕ್ಕೆ ಬಳುಕಿಸಿ ನೋಡಿದಳು. "ಮೊದಲಿನಕಿಂತ ಚಲೋ ತಿರುಗ್ತದ. ಇಪ್ಪತ್ತು ಬ್ಯಾಡ, ಹತ್ತು ಸಲ ಬರಿ. ಆಮ್ಯಾಲ ಡಂಪರಿಗೂ ಹಿಂಗ ಮಾಡಿಕೊಡು."

ಐದೂ ಮುಕ್ಕಾಲಿಗೆ ಹತ್ತನೇ ಸಾಲು ಮುಗಿಸಿದೆ. ಆರೂವರೆಗೆ ಡಂಪರಿನ ಮೂರೂ ಪಟ್ಟಿಗೆ ಪಿನ್ನು ಇಳಿಸಿ, ತಿರುಗಿಸಿ ನೋಡಿ, ಅವಳ ಕೈಗೆ ಕೊಟ್ಟೆ.