ಬೀಡಿಯಷ್ಟು ಸಂದು

ಓಬಣ್ಣ ಅಳತೆ ಟೇಪು ಮುಟ್ಟಿದ್ದನ್ನು ನಾನು ಕಂಡಿಲ್ಲ. ಪಿಕಪ್ ಗಾಡಿಯನ್ನು ಷೆಡ್ಡಿನ ಬಾಗಿಲ ತನಕ ತಂದು, ಮೇಲಿನ ತೊಲೆಗೂ ಗಾಡಿಯ ನೆತ್ತಿಯ ಕಂಬಿಗೂ ನಡುವೆ ಒಂದು ಬೀಡಿ ಅಡ್ಡ ಹಿಡಿಯುತ್ತಿದ್ದ. ಬೀಡಿ ಆಡಿದರೆ ಗಾಡಿ ಒಳಗೆ. ಆಡದಿದ್ದರೆ ಅದನ್ನೇ ಹೊತ್ತಿಸಿಕೊಂಡು ಗಾಡಿಯ ಯಜಮಾನನನ್ನು ಮೇಲಿಂದ ಕೆಳಗೆ ನೋಡುತ್ತಿದ್ದ.

ಹೊಳಲ್ಕೆರೆಯಲ್ಲಿ ಅವನದೊಂದು ಪಂಚರ್ ಅಂಗಡಿ. ಹೆಸರು ಬಂದದ್ದು ಮಾತ್ರ ಎತ್ತರದ ಗಾಡಿಗಳನ್ನು ಗಿಡ್ಡ ಷೆಡ್ಡುಗಳಿಗೆ ತೂರಿಸುವುದರಿಂದ. ಷೆಡ್ಡಿನ ಬಾಗಿಲು ಮನೆಯ ತಲೆಬಾಗಿಲಿಗಿಂತ ಎತ್ತರವಾದರೆ ಏಳಿಗೆಯಿಲ್ಲ ಎಂದು ನಮ್ಮ ಸೀಮೆಯವರ ನಂಬಿಕೆ. ತಲೆಬಾಗಿಲೋ ತಾತನ ಕಾಲದ್ದು, ಬಗ್ಗಿಯೇ ಹೋಗಬೇಕು. ಗಾಡಿ ಕೊಳ್ಳುವಾಗ ಇದು ಯಾರಿಗೂ ನೆನಪಾಗದು. ಪೂಜೆ ಮುಗಿದು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ ಓಬಣ್ಣನಿಗೆ ಫೋನು. ಹೊಸ ಗಾಡಿ ಮೊದಲ ರಾತ್ರಿ ಮನೆಯೊಳಗೇ ಇರಬೇಕು. ಮರುದಿನದಿಂದ ಅದು ಬೀದಿಯಲ್ಲೇ ಇರುವುದು, ಆ ಮಾತು ಬೇರೆ. ಅವನು ನಾಲ್ಕೂ ಚಕ್ರದ ಗಾಳಿ ಇಳಿಸಿ, ಹಿಂದೆ ಹತ್ತು ಜನರನ್ನು ಕೂರಿಸಿ, ಗಾಡಿ ಕುಗ್ಗಿದ ಮೇಲೆ ಇಂಚಿಂಚೇ ಒಳಗೆ ಬಿಡುತ್ತಿದ್ದ.

ಕೈಯಲ್ಲಿದ್ದ ನಯ ಬಾಯಲ್ಲಿರಲಿಲ್ಲ. ರಾಮಗಿರಿಯ ಮೇಷ್ಟರೊಬ್ಬರಿಗೆ ಅವರ ಮಾವನ ಎದುರೇ, "ನೀವು ಷೆಡ್ ಅಳೀಲಿಲ್ಲ, ಹೆಣ್ಣು ಕೊಟ್ಟೋರು ನಿಮ್ ಬುದ್ಧಿ ಅಳೀಲಿಲ್ಲ. ಇಬ್ರದೂ ಒಂದೇ ತಪ್ಪು" ಎಂದಿದ್ದ. ತೂಕಕ್ಕೆಂದು ಗಾಡಿ ಹತ್ತಿದ್ದ ಹೊಸದುರ್ಗದ ಕೊಬ್ಬರಿ ವ್ಯಾಪಾರಿಯ ಮುದಿ ತಾಯಿ, ಸೊಂಟ ನೋವು, ಇಳಿಯುತ್ತೇನೆ ಎಂದಾಗ, "ಕುಂತ್ಕಳ್ರಿ ಅಜ್ಜಿ, ಈ ಮನೇಲಿ ನಿಮ್ ತೂಕ ಕೇಳ್ತಿರೋದು ಇದೇ ಮೊದ್ಲು" ಎಂದ. ಸೊಸೆ ನಕ್ಕಳು. ಅಜ್ಜಿ ಸೆರಗು ಎಳೆದುಕೊಂಡು ಮತ್ತೆ ಕೂತರು.

ನಾನು ಟೈಲರ್, ಮೈ ದಪ್ಪ. ಹಾಗಾಗಿ ಅವನು ಮೊದಲು ಕೂಗುತ್ತಿದ್ದುದು ನನ್ನನ್ನೇ. ಸಂಜೆ ನನ್ನ ಅಂಗಡಿಯಲ್ಲೇ ಅವನ ಟೀ. ಅವನು ಬೈಯದ ದಿನ ನನಗೆ ಏನೋ ಕಳೆದಂತಿರುತ್ತಿತ್ತು, ನಿಜ ಹೇಳಬೇಕು.

ನನ್ನ ಭಾವಮೈದುನ ಗಾಡಿ ತಂದ ದಿನ ಬೀಗರೆಲ್ಲ ಸೇರಿದ್ದರು. ಓಬಣ್ಣ ನನ್ನ ಹೊಟ್ಟೆ ತಟ್ಟಿ, "ಇವನು ಹತ್ತಿದ್ರೆ ಮೂರು ಸಿಮೆಂಟ್ ಮೂಟೆ ಇಳಿಸ್ರಿ. ಪಾಪ, ಇವನಿಂದ್ಲೂ ಒಂದು ಉಪಯೋಗ ಐತೆ" ಎಂದ. ಬೀಗರು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅದು ಉರಿಯಿತು.

"ಕೈ ತೊಡೆ ಮೇಲಿರ್ಲಿ, ಯಾರೂ ಕಂಬಿ ಹಿಡೀಬ್ಯಾಡ್ರಿ" ಎಂದು ಅವನು ಎರಡು ಸಲ ಕೂಗಿದ. ಅವನ ಮಾತು ಕೇಳಬಾರದೆಂಬ ಒಂದೇ ಹಟಕ್ಕೆ ನಾನು ಕಂಬಿ ಹಿಡಿದೆ. ತೊಲೆ ಬಂತು. ಎಡಗೈಯ ಎರಡು ಬೆರಳು ಹೋದವು.

ಓಬಣ್ಣ ಎಚ್ಚರಿಕೆ ಹೇಳಲಿಲ್ಲ ಎಂದು ಊರು ಮಾತಾಡಿತು. ಗಾಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡವರೇ, ಆದರೆ ಅವನ ಬಾಯಿಗೆ ಒಮ್ಮೆಯಾದರೂ ಸಿಕ್ಕವರೇ. ಯಾರೂ ತುಟಿ ಬಿಚ್ಚಲಿಲ್ಲ. ಹಿರಿಯೂರಿನಿಂದ, ಹೊಸದುರ್ಗದಿಂದ ಬರುತ್ತಿದ್ದ ಫೋನುಗಳು ನಿಂತವು. ಪಂಚರ್ ಹಾಕಿಸಲೂ ಜನ ಮುಂದಿನ ಅಂಗಡಿಗೆ ಗಾಡಿ ತಳ್ಳಿಕೊಂಡು ಹೋದರು.

ಮೂರು ತಿಂಗಳಾದ ಮೇಲೆ ಅವನು ನನ್ನ ಅಂಗಡಿ ಬಾಗಿಲಿಗೆ ಬಂದ. "ಟೈಲರೇ, ನಾನು ಕೂಗಿದ್ದೆ ಅಂತ ಒಂದು ಮಾತು ಹೇಳ್ರಿ. ನೀವು ಹೇಳಿದ್ರೆ ಊರು ನಂಬ್ತೈತೆ. ನನಗೆ ಬ್ಯಾರೆ ಕೆಲ್ಸ ಬರಲ್ಲ."

ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದ. ಅದು ನನಗೆ ಬೆಲ್ಲ ತಿಂದಂತಾಯಿತು. "ಅಳತೆ ಕೊಡೋದಿದ್ರೆ ನಿಂತ್ಕ. ಇಲ್ಲಾಂದ್ರೆ ಬೆಳಕಿಗೆ ಅಡ್ಡ ನಿಲ್ಬ್ಯಾಡ" ಎಂದೆ. ಅವನು ಪಕ್ಕಕ್ಕೆ ಸರಿದು, ಸ್ವಲ್ಪ ಹೊತ್ತು ಕಾದು, ಹೋದ.

ಅಂಗಡಿ ಮುಚ್ಚಿ ಆದಿವಾಲದ ಮಗಳ ಮನೆ ಸೇರಿದ. ಹೋದ ವರ್ಷ ಅಲ್ಲೇ ತೀರಿಕೊಂಡ. ಮಣ್ಣಿಗೆ ನಾನು ಹೋಗಲಿಲ್ಲ.

ನಿನ್ನೆ ಗಿರಾಕಿಯೊಬ್ಬರು ನನ್ನ ಕೈ ನೋಡಿ, "ಆ ಪಾಪಿ ಒಂದು ಸಲ ಕೂಗಿದ್ರೆ ಈ ಬೆರಳು ಉಳೀತಿದ್ವಲ್ಲ" ಎಂದು ಲೊಚಗುಟ್ಟಿದರು.

"ಕೂಗ್ಲೇ ಇಲ್ಲ ಕಣ್ರಿ" ಎಂದೆ.