ಸರ್ ಆಗದೆ ಉಳಿದ ನಮ್ಮ ಲೆನ್

ಐವಿ ಹ್ಯಾಸ್ಲಂ ನಮ್ಮ ಪಕ್ಕದ ಮನೆಯವಳು. ಎರಡನೇ ಮಹಾಯುದ್ಧ ಮುಗಿದ ಮಾರನೇ ವರ್ಷದಿಂದ ಒಂದೇ ಬೇಲಿಯ ಆಚೆ ಈಚೆ ಬದುಕಿದ್ದೇವೆ. ಆಸ್ಪತ್ರೆಯ ಬಟ್ಟೆ ಒಗೆದು ಮಗನನ್ನು ಸಾಕಿದಳು. ಐದು ವರ್ಷದ ಹಿಂದೆ ಗಂಡ ಫ್ರೆಡ್ ತೀರಿಕೊಂಡಮೇಲೂ ಯಾರ ಹಂಗಿಗೂ ಬೀಳಲಿಲ್ಲ. ನನಗೆ ಅವಳ ಮೇಲೆ ಒಂದೇ ಒಂದು ಸಿಟ್ಟು: ಅವರ ಮದುವೆಯ ಐವತ್ತನೇ ವರ್ಷಕ್ಕೆ ನಾನು ಮೂರಂತಸ್ತಿನ ಕೇಕ್ ಮಾಡಿದ್ದೆ, ಮಹಾರಾಯ್ತಿ ಒಂದು ಚೂರೂ ಮುಟ್ಟಲಿಲ್ಲ.

ಮಗ ಲೆನ್ ಊರವರ ಮನೆ ಸೂರಿನಂಚಿನ ಮಳೆನೀರಿನ ದೋಣಿ ತೊಳೆಯುವವನು. ಅವನ ತಲೆಗೆ ಈ ಮಾರ್ಚಿನಲ್ಲಿ ವಂಶದಲ್ಲಿ ಇಳಿದು ಬರುವ ಬ್ಯಾರೊನೆಟ್ ಪಟ್ಟ ಬಂತು ನೋಡಿ, ಗ್ರಹಚಾರ! ನಾನೂರು ವರ್ಷದ ಹಿಂದೆ ಹ್ಯಾಸ್ಲಂ ವಂಶದ ಉಣ್ಣೆ ವ್ಯಾಪಾರಿಯೊಬ್ಬ ರಾಜನಿಗೆ ದುಡ್ಡು ಸುರಿದು ಪಡೆದದ್ದು. ಮೂರನೆಯವನು ಬೇಟೆನಾಯಿ ಸಾಕಿ ಆಸ್ತಿ ಕರಗಿಸಿದ, ಆರನೆಯವನು ಜೂಜಿನಲ್ಲಿ ಬಂಗಲೆ ಕಳೆದ. ಒಂಬತ್ತನೆಯವನು ಮಕ್ಕಳಿಲ್ಲದೆ ಸತ್ತಾಗ ದೂರದ ದಾಯಾದಿ ಲೆನ್ ಪಾಲಿಗೆ ಉಳಿದಿದ್ದು ಹೆಸರಿನ ಮುಂದಿನ 'ಸರ್' ಒಂದೇ.

ಊರವರು ಬಿಟ್ಟಾರೆಯೇ? "ಸರ್ ಲೆನರ್ಡ್, ನಮ್ಮ ದೋಣೀಲಿ ಎಲೆ ಕಟ್ಕೊಂಡಿದೆ, ತಮ್ಮ ಸವಾರಿ ಯಾವಾಗ?" ಲೆನ್ ಪಬ್ಬಿಗೆ ಹೋಗುವುದನ್ನೇ ನಿಲ್ಲಿಸಿದ.

ಪಟ್ಟ ದಾಖಲಾಗಬೇಕಾದರೆ ಹುಟ್ಟಿದ್ದು, ಮದುವೆಯಾದದ್ದು ಎಲ್ಲದರ ಕಾಗದ ಲಂಡನ್ನಿಗೆ ಹೋಗಬೇಕು. ಐವಿಯ ಮದುವೆ ಸರ್ಟಿಫಿಕೇಟ್ ಮಾತ್ರ ಸಿಗಲೊಲ್ಲದು. ಇಲಿ ತಿಂತು ಅಂದಳು, ಒಲೆಗೆ ಬಿತ್ತು ಅಂದಳು. ಮೂರು ವಾರದಲ್ಲಿ ಸೊರಗಿ ಅರ್ಧ ಆದಳು.

ಭಾನುವಾರ ನಾವು ಮೂವರೂ ಚಹಾಕ್ಕೆ ಕೂತಿದ್ದಾಗ ಲೆನ್ ಹೇಳಿದ, "ಹೋಗ್ಲಿ ಬಿಡಮ್ಮ, ನಾಳೆ ಕಚೇರಿಯಿಂದ ಅದರ ನಕಲು ತರಿಸ್ತೀನಿ."

ಐವಿ ಎದ್ದುಹೋಗಿ ಬಿಸ್ಕತ್ತಿನ ಡಬ್ಬಿ ತಂದಳು. ಅದರ ತಳದಿಂದ ಸರ್ಟಿಫಿಕೇಟ್ ತೆಗೆದು ಮಗನ ಮುಂದಿಟ್ಟಳು.

"ನೀನು ಹುಟ್ಟಿ ಮೂರು ತಿಂಗಳಾದ್ಮೇಲೆ ನಮ್ಮ ಮದುವೆ ಆಗಿದ್ದು ಕಣೋ. ಯುದ್ಧದ ಹಡಗಿಂದ ನಿಮ್ಮಪ್ಪನಿಗೆ ರಜೆ ಕೊಡ್ಲಿಲ್ಲ. ಊರಿಗೆಲ್ಲ ಒಂದು ವರ್ಷ ಮುಂಚೆನೇ ಆಯ್ತು ಅಂತ ಹೇಳ್ಕೊಂಡು ಬಂದ್ವಿ. ಮದುವೆಗೆ ಮುಂಚೆ ಹುಟ್ಟಿದವರಿಗೆ ಪಟ್ಟ ಇಲ್ಲ. ನನ್ನಿಂದ ನಿನಗೆ ತಪ್ಪಿಹೋಯ್ತು."

ಲೆನ್ ಕಾಗದವನ್ನು ಎರಡೆರಡು ಸಲ ಓದಿದ. "ಹಾಗಾದ್ರೆ ನಾನು ಸರ್ ಅಲ್ವಾ? ಬ್ರಿಸ್ಟಲ್‌ನಲ್ಲಿ ಹಲ್ಲು ಕೀಳ್ತಾನಲ್ಲ ಚಿಕ್ಕಪ್ಪನ ಮಗ, ಅವನಿಗೆ ಹೋಗುತ್ತಾ?"

"ಹೂಂ."

"ಅಬ್ಬಾ, ಬದುಕಿದೆ!" ಅಂತ ಕುರ್ಚಿಯಿಂದ ಎದ್ದೇಬಿಟ್ಟ. "ನಿನಗೆ ಖುಷಿಯಾಗುತ್ತೆ ಅಂತ ಸುಮ್ಮನಿದ್ದೆ ಕಣಮ್ಮ. ಇಲ್ಲದಿದ್ರೆ ಯಾರಿಗೆ ಬೇಕಿತ್ತು ಆ ದರಿದ್ರ?" ಅವಳನ್ನು ತಬ್ಬಿಕೊಂಡ.

ಅರವತ್ತು ವರ್ಷದ ಭಾರ ಇಳಿದು ಐವಿ ಗಳಗಳನೆ ಅತ್ತಳು. ನನ್ನ ಕಣ್ಣೂ ತುಂಬಿತು. ಅಷ್ಟರಲ್ಲಿ ಹೊಳೆಯಿತು.

"ತಡಿಯೇ! ನನ್ನ ಕೇಕು ಒಂದು ವರ್ಷ ಮುಂಚೆನೇ ಆಗಿಹೋಯ್ತಾ?"

"ಹೂಂ ಕಣೇ ಮೇವಿಸ್. ಸುಳ್ಳು ಲೆಕ್ಕದ ಕೇಕು, ಹೇಗೆ ತಿನ್ನಲಿ?" ಐವಿ ಮೂಗು ಒರೆಸಿಕೊಂಡಳು. "ಬರೋ ಅಕ್ಟೋಬರಿಗೆ ನಿಜವಾಗ್ಲೂ ಅರವತ್ತು. ಇನ್ನೊಂದು ಮಾಡ್ತೀಯಾ? ಈ ಸಲ ತಿಂತೀನಿ."