ಇಮಾಮ್ ಸಾಬರ ಕಿವಿಯ ಹತ್ತಿ

ಹರಿಹರದ ಟೇಲರ್ ಇಮಾಮ್ ಸಾಬರು ಸಿನಿಮಾ ನೋಡುತ್ತಿದ್ದ ರೀತಿ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆಮೇಲೆ ನಗು ಬರುತ್ತದೆ.

ದಾವಣಗೆರೆಗೆ ಹೊಸ ಚಿತ್ರ ಬಂತೆಂದರೆ ಅಂಗಡಿಗೆ ಬೀಗ ಹಾಕಿ ಹೊರಡುವರು. ಟಾಕೀಸಿನ ಬೆಂಚಿನ ಮೇಲೆ ಕೂತವರೇ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುವರು. ಗಿರಣಿಗಳ ಊರಲ್ಲಿ ಹತ್ತಿಗೇನು ಬರ? ಹಾಡು, ಮಾತು ಕಿವಿಗೆ ಬಿದ್ದರೆ ಅಳತೆ ತಪ್ಪುತ್ತದೆ ಎಂಬುದು ಅವರ ವಾದ. ನಾಯಕನ ಕಾಲರು, ತೋಳು ಎಲ್ಲವನ್ನೂ ಕಣ್ಣಳತೆಯಲ್ಲೇ ಹಿಡಿದು, ಕೈಯಲ್ಲಿದ್ದ ದಾರಕ್ಕೆ ಗಂಟು ಹಾಕುತ್ತ ಹೋಗುವರು. ಓದುಬರಹ ಬಾರದ ಅವರಿಗೆ ಗಂಟುಗಳೇ ಅಕ್ಷರ. ಗಿರಾಕಿಗಳ ಅಳತೆಯೂ ಹಾಗೆಯೇ. ಒಬ್ಬೊಬ್ಬರದು ಒಂದೊಂದು ದಾರ, ಅಂಗಡಿಯ ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿತ್ತು.

ಅರವತ್ತನಾಲ್ಕನೇ ಇಸವಿ. ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಹುಡುಗ ಬಡಕಲು ಎಂದು ಎರಡು ಮನೆಯವರು ನನ್ನನ್ನು ಒಲ್ಲೆ ಎಂದಿದ್ದರು. ಮೂರನೆಯದು ಭಾನುವಳ್ಳಿಯ ನಾಗರತ್ನ. ಅವಳನ್ನು ಹರಿಹರದ ಸಂತೆಯಲ್ಲಿ ಒಮ್ಮೆ ನೋಡಿದ್ದೆ. ನೋಡಿದ ಮೇಲೆ ಮದುವೆಯಾದರೆ ಅವಳನ್ನೇ ಎಂದು ಮನಸ್ಸು ಹಟ ಹಿಡಿದಿತ್ತು. ಮೈ ತುಂಬಿದಂತೆ ಕಾಣುವ ಒಂದು ಅಂಗಿ ಹೊಲಿದುಕೊಡಿ ಎಂದು ಇಮಾಮ್ ಸಾಬರನ್ನು ಬೇಡಿಕೊಂಡೆ.

ಹಿಂದಿನ ದಿನವಷ್ಟೇ ಅವರು ಒಂದು ಹಿಂದಿ ಚಿತ್ರ ನೋಡಿ ಬಂದಿದ್ದರು. ಬೊಂಬಾಯಿಯಲ್ಲಿ ಹೊಸ ಫ್ಯಾಷನ್ ಬಂದಿದೆ, ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು ಎಂದರು. ಮೂರು ದಿನದಲ್ಲಿ ಅಂಗಿ ಸಿದ್ಧವಾಯಿತು. ಕಾಲರು ಹೆಗಲ ತುದಿಯವರೆಗೆ ಹರಡಿತ್ತು, ತೋಳುಗಳು ದಿಂಬಿನ ಚೀಲದಂತೆ ಉಬ್ಬಿದ್ದವು. ಗುಂಡಿಗಳೆಲ್ಲ ಬೆನ್ನ ಮೇಲೆ! ನನಗೂ ಅನುಮಾನ ಬಂತು. ಆದರೆ ಸಾಬರ ಮಾತೆಂದರೆ ಊರಿಗೇ ನಂಬಿಕೆ, ಬಾಯಿ ಮುಚ್ಚಿಕೊಂಡೆ.

ಅವ್ವ ಅಂಜಿನವ್ವ ನನ್ನ ಬೆನ್ನ ಹಿಂದೆ ನಿಂತು ಗೊಣಗುತ್ತ ಗುಂಡಿ ಹಾಕಿದಳು. ಹೆಣ್ಣು ನೋಡಲು ಹೋದ ಭಾನುವಳ್ಳಿಯ ಮನೆಯಲ್ಲಿ ಗೋಡೆಗೆ ಒರಗಿದರೆ ಗುಂಡಿ ಚುಚ್ಚುತ್ತಿತ್ತು. ಎರಡು ಗಂಟೆ ನೆಟ್ಟಗೆ ಕೂತೆ. ಆಗ ಪೇಟೆಯಿಂದ ಬಂದ ಹುಡುಗಿಯ ಅಣ್ಣ ಬಕ್ಕೇಶಪ್ಪ ನನ್ನನ್ನು ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನೂ ಆ ಚಿತ್ರ ನೋಡಿದ್ದ. ಒಬ್ಬ ಮೋಸಗಾರ ದರ್ಜಿ ಹುಚ್ಚುಚ್ಚು ಬಟ್ಟೆ ಹೊಲಿದು, ಇದೇ ಫ್ಯಾಷನ್ ಎಂದು ಶ್ರೀಮಂತರ ತಲೆಗೆ ಕಟ್ಟುವ ಕತೆಯಂತೆ ಅದು. ಮನೆಮಂದಿಯೆಲ್ಲ ನಕ್ಕರು. ಲೋಟ ತೆಗೆದುಕೊಳ್ಳಲು ಬಂದ ನಾಗರತ್ನ ಮಾತ್ರ ನಗದೆ, ಮೆಲ್ಲಗೆ, "ಹಿಂದ ಒಂದು ಗುಂಡಿ ತಪ್ಪೈತ್ರಿ" ಎಂದಳು. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಯೋಚಿಸಿ ಹೇಳಿ ಕಳಿಸುತ್ತೇವೆ ಎಂದರು ಅವಳ ಅಪ್ಪ. ಹಿಂದಿನ ಎರಡು ಮನೆಯವರೂ ಹಾಗೆಯೇ ಅಂದಿದ್ದರು.

ಮರುದಿನ ಇಮಾಮ್ ಸಾಬರನ್ನು ದರದರ ಎಳೆದುಕೊಂಡು ದಾವಣಗೆರೆಯ ಅದೇ ಟಾಕೀಸಿಗೆ ಹೋದೆ. ಅವರು ಜೇಬಿನಿಂದ ಹತ್ತಿ ತೆಗೆದರು, ನಾನು ಕಿತ್ತುಕೊಂಡೆ. ಆ ಅಂಗಿ ಪರದೆಗೆ ಬರುತ್ತಲೇ ಇಡೀ ಟಾಕೀಸು ಹೋ ಎಂದಿತು. ಸಾಬರು ಸುತ್ತ ನಗುತ್ತಿದ್ದವರನ್ನೆಲ್ಲ ಒಮ್ಮೆ ನೋಡಿದರು. ಮುಖ ಸಣ್ಣದಾಯಿತು. ಆಮೇಲೆ ಪರದೆಯ ಕಡೆ ಬೆರಳು ಮಾಡಿದರು.

"ತಪ್ಪು ನಂದೇ ಮೇಷ್ಟ್ರೇ. ಆದ್ರೂ ನೋಡ್ರಿ, ಅವನ ಅಂಗಿ ಹೆಗಲ ಮ್ಯಾಲೆ ಸುಕ್ಕು ಬಿದ್ದೈತೆ. ನಿಮ್ದು ಬಿದ್ದಿಲ್ಲ."

ನೋಡಿದೆ. ಹೌದು, ಬಿದ್ದಿತ್ತು. ಸಿಟ್ಟು ಮಾಡಲೂ ಆಗಲಿಲ್ಲ.

ಬೆಳಗಾದರೆ ಅಂಗಡಿಗೆ ಬೀಗ. ಸಾಬರು ಮೊದಲ ಬಸ್ಸಿಗೇ ಭಾನುವಳ್ಳಿಗೆ ಹೋದರೆಂದು ಪಕ್ಕದ ಅಂಗಡಿಯವರು ಹೇಳಿದರು. ಇದ್ದಬದ್ದ ಮಾನವನ್ನೂ ಹರಾಜು ಹಾಕಿ ಬರುತ್ತಾರೆ ಎಂದು ಅಂಗಡಿಯ ಕಟ್ಟೆಯ ಮೇಲೆಯೇ ಕಾದೆ. ಮಧ್ಯಾಹ್ನ ಬಂದವರೇ ಬೀಗ ತೆಗೆದು, ಕಂಕುಳಲ್ಲಿದ್ದ ಗಂಟಿನಿಂದ ಒಂದು ಹಳೆಯ ರವಿಕೆ ತೆಗೆದು ಹಾಸಿ, ಹೊಸ ದಾರಕ್ಕೆ ಗಂಟು ಹಾಕುತ್ತ ಅಳತೆ ಹಿಡಿದರು. ಆ ದಾರವನ್ನು ನನ್ನ ದಾರವಿದ್ದ ಮೊಳೆಗೇ ನೇತುಹಾಕಿದರು.

ಕಿವಿಯ ಹತ್ತಿಯ ಕತೆಯನ್ನು ಚೂರೂ ಬಿಡದೆ ಅಲ್ಲಿ ಒಪ್ಪಿಸಿ ಬಂದಿದ್ದರಂತೆ. ಅಂಥ ಅಂಗಿಯಲ್ಲಿ ಎರಡು ಗಂಟೆ ತಾಳಿಕೊಂಡವನು ಸಂಸಾರದಲ್ಲೂ ತಾಳಿಕೊಂಡಾನು ಎಂದರಂತೆ ಹುಡುಗಿಯ ಅಪ್ಪ. ನನ್ನ ಕಣ್ಣು ತುಂಬಿ ಬಂತು. ಸಾಬರು ಕತ್ತರಿ ಎತ್ತಿಕೊಂಡು ನನ್ನ ಕಡೆ ನೋಡದೆಯೇ ಹೇಳಿದರು.

"ಮದುವಿ ಅಂಗಿಗೆ ಗುಂಡಿ ಮುಂದಿರ್ಲಿ ಅಂತ ಹುಡುಗಿ ಹೇಳ್ಯಾಳೆ."